ಸನ್‌ರೂಫ್ ಸೋರಿದಾಗ: ನೀರಿನ ದಾರಿಯನ್ನು ಹುಡುಕುವ ಬಗೆ

ಇರುಳೆಲ್ಲ ಸುರಿದ ಮಳೆ ನಿಂತು ಆಕಾಶವು ತಿಳಿಯಾಗಿದ್ದ ಒಂದು ನವೆಂಬರ್ ತಿಂಗಳ ಬೆಳಗಿನಲ್ಲಿ, ಸಿಯಾಟಲ್ ನಗರಕ್ಕೆ ಪೂರ್ವದಲ್ಲಿರುವ ನಮ್ಮ ಬಡಾವಣೆಯ ಇಳಿಜಾರನ್ನು ಇಳಿದು, ತಿರುವಿನ ಕೆಂಪು ದೀಪದೆದುರು ನನ್ನ ಪಿಕಪ್ ಗಾಡಿಯ ಬ್ರೇಕನ್ನು ಒತ್ತಿದೊಡನೆ, ತಲೆಯ ಮೇಲಿನ ದೀಪದ ಅಂಚಿನಿಂದ ಒಂದು ಸೌಟಿನಷ್ಟು ತಣ್ಣೀರು ನನ್ನ ಬಲ ಮೊಣಕಾಲಿನ ಮೇಲೆ ಸುರಿಯಿತು. ಮಳೆಯಿಲ್ಲದ ಹೊತ್ತಿನಲ್ಲಿ ಸೂರಿನಿಂದ ನೀರು ಬೀಳುವುದೆಂದರೆ, ಆ ನೀರು ಮೇಲೆ ಎಲ್ಲಿಯೋ ನಿಂತಿದ್ದು, ಗಾಡಿಯು ಮುಂದಕ್ಕೆ ವಾಲಿದಾಗ ತುಳುಕಿತೆಂದೇ ಅರ್ಥ. ಆ ದಿನ ನನಗೆ ಇದು ಹೊಳೆಯಲಿಲ್ಲ. ಸಮೀಪದ ದುರಸ್ತಿ ಅಂಗಡಿಯೊಂದಕ್ಕೆ ಗಾಡಿಯನ್ನು ಒಯ್ದೆನು. ಅಲ್ಲಿಯವರು ಗಾಜಿನ ಸುತ್ತಲೂ ಕಪ್ಪನೆಯ ಸೀಲಂಟನ್ನು ದಪ್ಪವಾಗಿ ಬಳಿದು, ಇನ್ನು ಮೇಲೆ ಸನ್‌ರೂಫನ್ನು ತೆರೆಯಬೇಡಿರೆಂದು ಹೇಳಿ ಕಳುಹಿಸಿದರು. ಮೂರು ವಾರ ಕಳೆಯುವಷ್ಟರಲ್ಲಿ ಪಕ್ಕದ ಸೀಟಿನ ಮುಂದಿನ ಕಾರ್ಪೆಟ್ಟು ಒದ್ದೆಯಾಗಿ, ಗಾಡಿಯೊಳಗೆಲ್ಲ ಮಳೆಗಾಲದಲ್ಲಿ ಮೂಲೆಗೆ ಬಿದ್ದ ಗೋಣಿಚೀಲದ ಮುಗ್ಗುಲು ವಾಸನೆ ಹಬ್ಬಿತ್ತು.

ಆ ವಾರಾಂತ್ಯದಲ್ಲಿ ತೀರ್ಥಹಳ್ಳಿಯ ಸಮೀಪದ ನಮ್ಮೂರಿನಲ್ಲಿರುವ ಚಿಕ್ಕಪ್ಪನೊಡನೆ ಫೋನಿನಲ್ಲಿ ಮಾತಾಡುತ್ತ ಈ ಸಂಗತಿಯನ್ನು ಹೇಳಿದಾಗ, ಕಾರನ್ನು ಎಂದೂ ಓಡಿಸಿರದ ಆತ ತಡವಿಲ್ಲದೆ ಕೇಳಿದ ಪ್ರಶ್ನೆ ಇದು: "ಸೂರಲ್ಲಿ ಕಿಂಡಿ ಬಿಟ್ಟ ಮೇಲೆ ನೀರು ಬಂದೇ ಬರ್ತದೆ ಮಾರಾಯ. ಬಂದ ನೀರು ಹೋಗೋ ತೂಬು ಎಲ್ಲಿದೆ, ಅದನ್ನ ನೋಡಿದ್ಯಾ?"

ತೊಟ್ಟಿಮನೆಯಲ್ಲಿ ಬಾಳಿದವರಿಗೆ ಸಹಜವಾಗಿ ಬರುವ ಪ್ರಶ್ನೆ ಅದು. ನಾಲ್ಕು ಕಡೆಯ ಹೆಂಚಿನ ಇಳಿಜಾರುಗಳಿಂದ ಬಂದ ನೀರನ್ನು ಮನೆಯ ನಟ್ಟನಡುವೆ ಬೀಳಗೊಟ್ಟು, ತೊಟ್ಟಿಯ ಮೂಲೆಯ ತೂಬಿನಿಂದ ಹೊರಗೆ ಸಾಗಿಸುವ ಆ ಮನೆಯಲ್ಲಿ, ಮಳೆಯನ್ನು ತಡೆಯುವ ಯೋಚನೆಯನ್ನೇ ಯಾರೂ ಮಾಡಿದವರಲ್ಲ. ಮೃಗಶಿರೆ ಹುಟ್ಟುವುದಕ್ಕೆ ಮೊದಲು ತೂಬಿನೊಳಗೆ ಬಿದಿರಿನ ಗಳುವನ್ನು ಆಡಿಸಿ, ವರ್ಷದ ಎಲೆಗಸವನ್ನು ತೆಗೆದು, ಒಂದು ಕೊಡ ನೀರನ್ನು ಸುರಿದು ಅದು ಹಿತ್ತಿಲಿಗೆ ಹೋಗಿ ಬೀಳುವುದನ್ನು ಕಣ್ಣಾರೆ ಕಂಡರೆ ಮಳೆಗಾಲದ ಸಿದ್ಧತೆಯ ಒಂದು ಭಾಗ ಮುಗಿಯಿತು. ಸನ್‌ರೂಫಿನ ರಚನೆಯೂ ತತ್ತ್ವತಃ ಇದೇ. ಗಾಜಿನ ಸುತ್ತಣ ರಬ್ಬರು ನೀರನ್ನು ಪೂರ್ಣವಾಗಿ ತಡೆಯತಕ್ಕದ್ದೆಂದು ನಾವು ತಿಳಿಯುತ್ತೇವೆ. ಅದನ್ನು ನಿರ್ಮಿಸಿದವರು ಹಾಗೆ ತಿಳಿದಿಲ್ಲ. ಸರಿದು ತೆರೆಯಬೇಕಾದ ಗಾಜಿಗೆ ನೀರು ನುಸುಳದಂತೆ ಬಿಗಿಯುವುದು ಅಸಾಧ್ಯಪ್ರಾಯವಾದುದರಿಂದ, ಆ ರಬ್ಬರು ಗಾಳಿಯ ಸದ್ದನ್ನೂ ಮಳೆಯ ಬಹುಭಾಗವನ್ನೂ ಮಾತ್ರ ತಡೆಯುತ್ತದೆ. ಅದನ್ನು ದಾಟಿ ಒಳಗಿಳಿದ ನೀರು ಗಾಜಿನ ಕೆಳಗೆ ನಾಲ್ಕು ಬದಿಗೂ ಹಾದಿರುವ ಒಂದು ಕಾಲುವೆಯಂಥ ತಟ್ಟೆಗೆ ಬೀಳುತ್ತದೆ. ಆ ತಟ್ಟೆಯ ನಾಲ್ಕು ಮೂಲೆಗಳಲ್ಲಿರುವ ರಂಧ್ರಗಳಿಗೆ ಕೂಡಿಸಿದ, ಕಿರುಬೆರಳಿಗಿಂತ ದಪ್ಪವಿಲ್ಲದ ಮೆತ್ತನೆಯ ಪೈಪುಗಳು ಅದನ್ನು ನೆಲಕ್ಕೆ ಮುಟ್ಟಿಸುತ್ತವೆ. ಆದುದರಿಂದ ಸನ್‌ರೂಫ್ ಸೋರುತ್ತಿದೆಯೆಂದು ಕಂಡಾಗ ಗಾಜಿನ ಸುತ್ತಲೂ ಸೀಲಂಟು ಬಳಿಯುವುದು, ತೂಬು ಕಟ್ಟಿಕೊಂಡಿತೆಂದು ತೊಟ್ಟಿಯ ಮೇಲೆ ತಗಡು ಹೊದಿಸಿದಂತೆ. ಮೊದಲ ಸಲ ಸ್ವಿಚ್ಚನ್ನು ಒತ್ತಿದಾಗಲೇ ಆ ಸೀಲಂಟು ಹರಿಯುತ್ತದೆ, ಇಲ್ಲವೆ ಮೋಟಾರು ತಿಣುಕುತ್ತದೆ. ಹರಿಯದೆ ನಿಂತರೂ ಕೂದಲೆಳೆಯಷ್ಟು ಬಿರುಕಿನಿಂದ ಒಳಹೊಕ್ಕ ನೀರಿಗೆ ಹೊರಬರುವ ದಾರಿ ಮೊದಲಿನಂತೆಯೇ ಮುಚ್ಚಿರುತ್ತದೆ.

ಈ ಪೈಪುಗಳು ಹೋಗುವ ಹಾದಿಯನ್ನು ಮನಸ್ಸಿನಲ್ಲಿ ಚಿತ್ರಿಸಿಕೊಳ್ಳದೆ ಮುಂದಿನ ಯಾವ ಪರೀಕ್ಷೆಯೂ ಫಲಿಸದು. ಮುಂದಿನ ಎರಡು ಪೈಪುಗಳು ಮುಂಗಾಜಿನ ಎರಡೂ ಬದಿಗಿರುವ ಓರೆಗಂಬಗಳೊಳಗೆ, ಮೆಕ್ಯಾನಿಕ್ಕುಗಳ ಮಾತಿನಲ್ಲಿ ಎ ಪಿಲ್ಲರುಗಳೊಳಗೆ, ಇಳಿದು, ಮುಂಬಾಗಿಲಿನ ತಿರುಗಣಿಯ ಬಳಿಯಲ್ಲೋ ಮಡ್‌ಗಾರ್ಡಿನ ಹಿಂಬದಿಯಲ್ಲೋ ಹೊರಬೀಳುತ್ತವೆ. ಹಿಂದಿನ ಎರಡು, ನಾಲ್ಕು ಬಾಗಿಲಿನ ಪಿಕಪ್ಪಿನಲ್ಲಿ, ಹಿಂಬದಿಯ ಸೀಟಿನ ಆಚೀಚೆಯ ಕಂಬಗಳೊಳಗಿಂದ ಕೆಳಗಿಳಿದು, ಕ್ಯಾಬಿನ ತಳದಲ್ಲೋ, ಕ್ಯಾಬಿಗೂ ಸರಕು ಹೇರುವ ಹಿಂಭಾಗಕ್ಕೂ ನಡುವಣ ಸಂದಿಯಲ್ಲೋ ಕೊನೆಗೊಳ್ಳುತ್ತವೆ. ನಿಮ್ಮ ಗಾಡಿಯ ಸನ್‌ರೂಫು ಕಾರ್ಖಾನೆಯಲ್ಲಿಯೇ ಕೂಡಿದುದೋ, ಬಳಿಕ ಛಾವಣಿಯನ್ನು ಕತ್ತರಿಸಿ ಕೂಡಿಸಿದುದೋ ಎಂಬುದನ್ನೂ ತಿಳಿದಿರುವುದು ಮೇಲು. ಅಮೆರಿಕದಲ್ಲಿ ನ್ಯಾಶ್ ಕಂಪನಿಯು 1937ರಲ್ಲಿಯೇ ತೆರೆಯುವ ಛಾವಣಿಯ ಕಾರನ್ನು ಕಾರ್ಖಾನೆಯಿಂದ ಹೊರತಂದಿತ್ತಾದರೂ, ಜರ್ಮನಿಯಿಂದ ವಲಸೆ ಬಂದ ಹೈಂಜ್ ಪ್ರೆಕ್ಟರ್ ಎಂಬವನು 1965ರಲ್ಲಿ ಲಾಸ್ ಏಂಜಲೀಸಿನಲ್ಲಿ ಅಮೆರಿಕನ್ ಸನ್‌ರೂಫ್ ಕಂಪನಿಯನ್ನು ಆರಂಭಿಸಿದ ಮೇಲೆ, ಇದ್ದ ಛಾವಣಿಯನ್ನು ಕತ್ತರಿಸಿ ಗಾಜನ್ನು ಕೂಡಿಸುವ ವೃತ್ತಿಯು ಇಲ್ಲಿ ಬೆಳೆಯಿತು. ಹೀಗೆ ಕೂಡಿಸಿದವುಗಳಲ್ಲಿ ಕತ್ತರಿಸಿದ ತಗಡಿನ ಅಂಚೇ ತುಕ್ಕು ಹಿಡಿದು ಸೋರುವುದುಂಟು. ಅಂಥದನ್ನು ಮನೆಯಂಗಳದಲ್ಲಿ ಸರಿಪಡಿಸುವ ಪ್ರಯತ್ನವನ್ನು ನಾನು ಸಲಹೆ ಮಾಡಲಾರೆನು. ಈ ಲೇಖನವು ಕಾರ್ಖಾನೆಯ ಸನ್‌ರೂಫನ್ನು ಕುರಿತದ್ದು.

ಸಿಯಾಟಲ್ ಎಂದರೆ ಸದಾ ಮಳೆಯ ಊರೆಂದು ಲೋಕಪ್ರಸಿದ್ಧಿ ಇದೆಯಷ್ಟೆ. ವರ್ಷದ ಒಟ್ಟು ಮಳೆಯನ್ನು ಅಳೆದು ನೋಡಿದರೆ ಅದು ಬೆಂಗಳೂರಿನ ಮಳೆಗೆ ಸರಿಸುಮಾರು ಸಮಾನ: ಎರಡೂ ಕಡೆ 1,000 ಮಿಲಿಮೀಟರಿನ ಆಸುಪಾಸು. ಭೇದವಿರುವುದು ಬೀಳುವ ರೀತಿಯಲ್ಲಿ. ಬೆಂಗಳೂರಿನಲ್ಲಿ ಒಂದು ಸಂಜೆಯ ಗುಡುಗಿನೊಡನೆ ಧಾರಾಕಾರವಾಗಿ ಸುರಿದು ಹೋಗುವಷ್ಟು ನೀರು ಇಲ್ಲಿ ವಾರಗಟ್ಟಲೆ ಜಿನುಗುತ್ತದೆ. ವರ್ಷದಲ್ಲಿ ನೂರೈವತ್ತರಷ್ಟು ದಿನ ಛಾವಣಿಯು ಒದ್ದೆ. ಇದರ ಜೊತೆಗೆ ಡಗ್ಲಸ್ ಫರ್ ಮರಗಳ ಸೂಜಿಯೆಲೆಗಳು, ವಸಂತದಲ್ಲಿ ಗಾಡಿಯ ಮೇಲೆಲ್ಲ ಹಳದಿಯ ಪುಡಿಯಾಗಿ ಕೂರುವ ಪರಾಗ, ಗಾಜಿನ ಸಂದಿನಲ್ಲಿಯೇ ಬೇರೂರುವ ಹಸಿರು ಪಾಚಿ. ಸೂಜಿಯೆಲೆಯೊಂದು ಪೈಪಿನ ಬಾಯಿಗೆ ಅಡ್ಡವಾಗಿ ಸಿಕ್ಕಿಕೊಂಡರೆ ಸಾಕು, ಪರಾಗವೂ ಧೂಳೂ ಅದಕ್ಕೆ ಮೆತ್ತಿಕೊಂಡು ಒಂದೆರಡು ಋತುಗಳಲ್ಲಿ ಬಿರಡೆಯಾಗುತ್ತದೆ.

ಆದರೂ ಕಂಡ ನೀರೆಲ್ಲವೂ ಸನ್‌ರೂಫಿನದೆಂದು ತೀರ್ಮಾನಿಸಬಾರದು. ನಾನು ಒತ್ತಿ ಹೇಳಬೇಕೆಂದಿರುವ ಮಾತು ಇದು. ಏಕೆಂದರೆ ಈ ಕೆಲಸದಲ್ಲಿ ಹಣವೂ ಕಾಲವೂ ವ್ಯರ್ಥವಾಗುವುದು ತಪ್ಪು ಜಾಗದ ದುರಸ್ತಿಯಿಂದಲೇ. ಪಕ್ಕದ ಸೀಟಿನ ಮುಂದಿನ ಕಾರ್ಪೆಟ್ಟು ಬಿಸಿಲುಗಾಲದಲ್ಲಿ, ಏಸಿ ಹಾಕಿದ ದಿನಗಳಲ್ಲಿ ಮಾತ್ರ ಒದ್ದೆಯಾಗುತ್ತಿದ್ದರೆ, ಅದು ಏಸಿಯ ನೀರನ್ನು ಹೊರಹಾಕುವ ಕೊಳವೆ ಕಟ್ಟಿಕೊಂಡುದರ ಲಕ್ಷಣ. ಬೆರಳಿಗೆ ಜಿಗುಟಾಗಿ, ಸಿಹಿಯಾದ ವಾಸನೆಯಿದ್ದರೆ ಅದು ಹೀಟರಿನಿಂದ ಸೋರುತ್ತಿರುವ ಕೂಲಂಟ್. ಅದು ವಿಷಪದಾರ್ಥ, ನಾಲಗೆಗೆ ಮುಟ್ಟಿಸಿ ನೋಡುವ ಸಾಹಸ ಬೇಡ. ಬಾಗಿಲಿನ ಕೆಳಗಂಚಿನಲ್ಲಿ ಮಾತ್ರ ಒದ್ದೆಯಿದ್ದು ಮೇಲೆಲ್ಲ ಒಣಗಿದ್ದರೆ ಬಾಗಿಲಿನೊಳಗಣ ನೀರುತಡೆಯ ಹಾಳೆ ಸಡಿಲಿರಬಹುದು. ಇನ್ನು ಪಿಕಪ್ ಗಾಡಿಗೇ ವಿಶಿಷ್ಟವಾದ ಎರಡು ಸೋರಿಕೆಗಳಿವೆ. ಕ್ಯಾಬಿನ ಹಿಂಗೋಡೆಯ ನೆತ್ತಿಯಲ್ಲಿರುವ ಮೂರನೆಯ ಬ್ರೇಕ್ ದೀಪದ ಹಿಂದೆ ತೆಳುವಾದ ಸ್ಪಂಜಿನ ಪಟ್ಟಿಯೊಂದು ನೀರುತಡೆಯಾಗಿರುತ್ತದೆ. ಬಿಸಿಲಿಗೆ ಅದು ಬಡಕಲಾಗಿ ಚಪ್ಪಟೆಯಾದಾಗ, ಮಳೆಯ ನೀರು ದೀಪದ ಹಿಂದಿನಿಂದ ಒಳನುಗ್ಗಿ, ಛಾವಣಿಯ ಒಳಹೊದಿಕೆಯ ಮೇಲೆ ಹರಿದು, ಸನ್‌ರೂಫಿನ ಹಿಂಬದಿಯಿಂದಲೇ ಬಂದಿತೋ ಎಂಬ ಭ್ರಾಂತಿಯನ್ನು ಹುಟ್ಟಿಸುತ್ತದೆ. ಹಿಂಗಾಜಿನಲ್ಲಿ ಸರಿಯುವ ಕಿಟಕಿಯಿದ್ದರೆ ಅದರ ಚೌಕಟ್ಟು ಬಿರಿದಿರಬಹುದು. ಆಗ ಹಿಂದಿನ ಸೀಟಿನ ಬೆನ್ನು ಒದ್ದೆಯಾಗುತ್ತದೆ. ಛಾವಣಿಯ ಮೇಲಿನ ಮೀನಿನ ರೆಕ್ಕೆಯಂಥ ಆಂಟೆನಾ, ಮುಂಗಾಜನ್ನು ಅಂಟಿಸಿದ ಅಂಚು, ಇವೂ ಸಂದೇಹಕ್ಕೆ ಪಾತ್ರ.

ಇವುಗಳೊಳಗಿಂದ ಸನ್‌ರೂಫನ್ನು ಬೇರ್ಪಡಿಸಿ ಹೇಳುವ ಪರೀಕ್ಷೆಗೆ ಬೇಕಾದುದು ಬಣ್ಣ ಬಳಿಯುವವರು ಬಳಸುವ ಕಾಗದದ ಟೇಪು ಒಂದು ಸುರುಳಿ, ನೀರಿನ ಹೋಸ್ ಒಂದು, ಮತ್ತು ಗಾಡಿಯೊಳಗೆ ಟಾರ್ಚು ಹಿಡಿದು ಕುಳಿತುಕೊಳ್ಳಬಲ್ಲ ತಾಳ್ಮೆಯ ಮನುಷ್ಯರೊಬ್ಬರು. ಛಾವಣಿಯನ್ನು ಒರಸಿ ಒಣಗಿಸಿ, ಗಾಜಿಗೂ ತಗಡಿಗೂ ನಡುವಣ ಸಂದನ್ನು ಸುತ್ತಲೂ ಟೇಪಿನಿಂದ ಮುಚ್ಚಿ, ಹೋಸಿನ ಬಾಯಿಗೆ ಬೆರಳನ್ನು ಅಡ್ಡ ಹಿಡಿಯದೆ, ಮಳೆಯಂತೆ ಮೆಲ್ಲಗೆ ಹತ್ತು ನಿಮಿಷ ನೀರನ್ನು ಬಿಡತಕ್ಕದ್ದು. ಸಂದು ಮುಚ್ಚಿದ್ದರೂ ಒಳಗೆ ನೀರು ಕಂಡಿತೆಂದರೆ ಸನ್‌ರೂಫ್ ನಿರಪರಾಧಿ. ದೀಪವನ್ನೋ ಆಂಟೆನಾವನ್ನೋ ಹಿಂಗಾಜನ್ನೋ ಒಂದೊಂದಾಗಿ ಟೇಪಿನಿಂದ ಮುಚ್ಚುತ್ತ ಹೋಗಿ ತಪ್ಪಿತಸ್ಥನನ್ನು ಹಿಡಿಯಬೇಕು. ಟೇಪು ಇರುವಾಗ ಒಣಗಿದ್ದು, ತೆಗೆದ ಮೇಲೆ ನೀರು ಬಂದರೆ ದೋಷವು ಸನ್‌ರೂಫಿನದೇ. ನೀರು ಹರಿದ ಜಾಡನ್ನು ಹಿಡಿಯುವುದಕ್ಕೆ, ಸಂದೇಹವಿದ್ದ ಕಡೆ ಮುಖಕ್ಕೆ ಹಚ್ಚುವ ಪೌಡರನ್ನು ತೆಳ್ಳಗೆ ಉದುರಿಸಿಟ್ಟರೆ ಒಂದು ಹನಿ ಹಾದರೂ ಗೆರೆ ಮೂಡುತ್ತದೆ. ನಮ್ಮವರಲ್ಲಿ ಕೆಲವರಿಗೆ ನೀರಿಗೆ ಅರಿಶಿನ ಕದಡಿ ಬಿಡೋಣವೆಂದು ತೋರೀತು. ಛಾವಣಿಯ ಒಳಬಟ್ಟೆಗೆ ಹತ್ತಿದ ಅರಿಶಿನವು ಗಾಡಿಯ ಆಯುಷ್ಯವಿರುವ ತನಕವೂ ಬಿಡದು, ಆದುದರಿಂದ ಆ ಉಪಾಯವನ್ನು ಕೈಬಿಡುವುದು ಲೇಸು.

ದೋಷವು ಸನ್‌ರೂಫಿನದೆಂದು ನಿಶ್ಚಯವಾದ ಬಳಿಕ ನಾಲ್ಕು ಪೈಪುಗಳಲ್ಲಿ ಯಾವುದು ಕೆಟ್ಟಿದೆಯೆಂಬ ವಿಚಾರ. ಗಾಡಿಯನ್ನು ಸಮತಟ್ಟಾದ ನೆಲದಲ್ಲಿ ನಿಲ್ಲಿಸಿ, ಗಾಜನ್ನು ಪೂರ್ಣವಾಗಿ ತೆರೆದು, ಮೊದಲು ತಟ್ಟೆಯನ್ನು ಕಣ್ಣಿಟ್ಟು ನೋಡಬೇಕು. ನನ್ನ ಗಾಡಿಯ ಮುಂದಿನ ಎಡಮೂಲೆಯಲ್ಲಿ ಕಂಡದ್ದು ಕಾಫಿಯ ಗಸಿಯಂಥ ಕರಿಯ ಮಣ್ಣು. ಅದರ ಮೇಲೆ ಅರ್ಧ ಬೆರಳಗಲ ನಿಂತ ನೀರು. ನೀರಿನ ಮೇಲೆ ತೇಲುತ್ತಿದ್ದ ಮೂರು ಸೂಜಿಯೆಲೆಗಳು. ಬಟ್ಟೆಯಿಂದ ಅದನ್ನೆಲ್ಲ ಎತ್ತಿ ತೆಗೆದೆನೇ ಹೊರತು ರಂಧ್ರದ ಕಡೆಗೆ ತಳ್ಳಲಿಲ್ಲ; ಮೇಲಿನ ಕಸವನ್ನು ಪೈಪಿನೊಳಗೆ ತಳ್ಳಿ ಒಂದು ಕಷ್ಟವನ್ನು ಎರಡು ಮಾಡಿಕೊಳ್ಳುವುದು ಅವಸರದಲ್ಲಿ ಆಗುವ ಸಾಮಾನ್ಯ ಪ್ರಮಾದ. ಆಮೇಲೆ ಅಡುಗೆಮನೆಯಿಂದ ತಂದ ಸ್ಟೀಲಿನ ಲೋಟದಲ್ಲಿ ಅರ್ಧದಷ್ಟು ನೀರನ್ನು ತೆಗೆದುಕೊಂಡು ಒಂದು ಮೂಲೆಗೆ ನೂಲಿನಂತೆ ಹೊಯ್ದು, ಕೆಳಗೆ ಬಗ್ಗಿ ಆ ಪೈಪಿನ ಬಾಯನ್ನು ಗಮನಿಸಿದೆನು. ಕೆಲವೇ ಕ್ಷಣಗಳಲ್ಲಿ ಎಡೆಬಿಡದ ಸಣ್ಣ ಧಾರೆಯಾಗಿ ನೀರು ನೆಲಕ್ಕೆ ಬಿದ್ದರೆ ಆ ಪೈಪು ಸರಿಯಾಗಿದೆ. ತೊಟ್ಟು ತೊಟ್ಟಾಗಿ ಬಿದ್ದರೆ ಅರ್ಧ ಕಟ್ಟಿದೆ. ತಟ್ಟೆಯಲ್ಲಿ ನೀರು ನಿಂತು ಕೆಳಗೇನೂ ಬೀಳದಿದ್ದರೆ ಪೂರ್ಣವಾಗಿ ಕಟ್ಟಿದೆ. ಅಂಥ ಮೂಲೆಗೆ ಎರಡನೆಯ ಸಲ ನೀರು ಹೊಯ್ಯಬಾರದು. ಇವೆಲ್ಲಕ್ಕಿಂತ ಅಪಾಯಕರವಾದುದು ನಾಲ್ಕನೆಯ ಸ್ಥಿತಿ: ತಟ್ಟೆಯ ನೀರು ಸರ್ರನೆ ಇಳಿದುಹೋಗುತ್ತದೆ, ಕೆಳಗೆ ಮಾತ್ರ ಒಂದು ಹನಿಯೂ ಕಾಣದು. ಪೈಪು ಮೇಲ್ತುದಿಯಲ್ಲಿ ಕಳಚಿದೆ, ಅಥವಾ ನಡುವೆ ಒಡೆದಿದೆ. ನೀವು ಹೊಯ್ದ ನೀರು ಈಗ ಗಾಡಿಯ ಗೋಡೆಯೊಳಗೆ ಹರಿಯುತ್ತಿದೆ. ನನ್ನ ಗಾಡಿಯಲ್ಲಿ ಮುಂದಿನ ಎಡಮೂಲೆ ಪೂರ್ಣವಾಗಿ ಕಟ್ಟಿತ್ತು, ಬಲಮೂಲೆ ಕಳಚಿತ್ತು. ನಮ್ಮ ಮನೆಯ ಮುಂದಿನ ಹಾದಿ ರಸ್ತೆಯ ಕಡೆಗೆ ಇಳಿಜಾರಾಗಿದ್ದು ಗಾಡಿಯ ಮೂತಿ ಸದಾ ಕೆಳಮುಖವಾಗಿ ನಿಲ್ಲುತ್ತಿದ್ದುದರಿಂದ, ಬಂದ ನೀರಿನ ಭಾರವೆಲ್ಲ ಕೆಟ್ಟುಹೋದ ಈ ಎರಡು ಪೈಪುಗಳ ಮೇಲೆಯೇ ಬೀಳುತ್ತಿತ್ತು. ಮೊಣಕಾಲಿನ ಮೇಲೆ ಸುರಿದ ನೀರಿಗೂ ಪಕ್ಕದ ಕಾರ್ಪೆಟ್ಟಿನ ಒದ್ದೆಗೂ ಹೀಗೆ ಬೇರೆ ಬೇರೆ ಕಾರಣಗಳು ದೊರೆತವು.

ಕಟ್ಟಿದ ಪೈಪನ್ನು ಬಿಡಿಸುವುದಕ್ಕೆ ನಾನು ಕಂಡಂತೆ ಅತ್ಯುತ್ತಮವಾದ ಸಾಧನವೆಂದರೆ ಹುಲ್ಲು ಕತ್ತರಿಸುವ ಯಂತ್ರಕ್ಕೆ ಸುತ್ತುವ ನೈಲಾನ್ ದಾರ. ಎರಡು ಮೀಟರಿನಷ್ಟನ್ನು ಕತ್ತರಿಸಿ, ತುದಿಯನ್ನು ಬೆಂಕಿಗೆ ಹಿಡಿದು ಮಣಿಯಂತೆ ದುಂಡಗಾಗಿಸಿ, ಆರಿದ ಮೇಲೆ ಮೂಲೆಯ ರಂಧ್ರದಲ್ಲಿಳಿಸಿ, ಬೆರಳುಗಳ ನಡುವೆ ಹೊಸೆಯುತ್ತ ಹೊಸೆಯುತ್ತ ಮುಂದೂಡಬೇಕು. ತಡೆ ಸಿಕ್ಕಿದಲ್ಲಿ ಬಲಪ್ರಯೋಗ ಸಲ್ಲದು. ತುಸು ಹಿಂದಕ್ಕೆ ಎಳೆದು, ತಿರುವಿ, ಮತ್ತೆ ಮುಂದೂಡಿದರೆ ಬಾಗಿನಲ್ಲಿ ಸಿಕ್ಕಿಕೊಂಡದ್ದೋ ಬಿರಡೆಗೆ ತಾಗಿದ್ದೋ ಬೆರಳಿಗೇ ಗೊತ್ತಾಗುತ್ತದೆ. ಕೋಟು ನೇತುಹಾಕುವ ಕಬ್ಬಿಣದ ತಂತಿ ಪೈಪಿನ ಗೋಡೆಯನ್ನು ತೂತುಮಾಡುವುದರಿಂದ ಅದನ್ನು ಹತ್ತಿರವೂ ತರಬಾರದು. ನನ್ನ ದಾರವು ಒಂದು ಮೀಟರಿನಷ್ಟು ಇಳಿದು ನಿಂತಾಗ, ಕೆಳಗಿನ ಬಾಯಿಗೆ ನೀರನ್ನೂ ಎಳೆಯಬಲ್ಲ ವ್ಯಾಕ್ಯೂಮ್ ಯಂತ್ರದ ಮೂತಿಯನ್ನಿಟ್ಟು, ಸುತ್ತಣ ಸಂದಿಗೆ ಒದ್ದೆ ಬಟ್ಟೆಯನ್ನು ಸುತ್ತಿ ಹಿಡಿದೆನು; ಹೆಂಡತಿ ಮೇಲಿನಿಂದ ದಾರವನ್ನು ತಿರುವುತ್ತಿದ್ದಳು. ಅರ್ಧ ನಿಮಿಷದ ಮೇಲೆ ಗೊಳಕ್ಕೆಂಬ ಸದ್ದಾಗಿ, ಹೆಬ್ಬೆರಳಿನ ಉಗುರಿಗಿಂತ ತುಸು ಉದ್ದನಾದ, ಸೂಜಿಯೆಲೆಗಳೂ ಪಾಚಿಯೂ ಹೆಣೆದುಕೊಂಡು ಹಕ್ಕಿಯ ಗೂಡಿನ ಚೂರಿನಂತಿದ್ದ ಬಿರಡೆಯೊಂದು ಯಂತ್ರದೊಳಗೆ ಬಂದು ಬಿದ್ದಿತು. ಆಮೇಲೆ ಪಾತ್ರೆ ತೊಳೆಯುವ ಸೋಪಿನ ಒಂದೆರಡು ಹನಿ ಬೆರೆಸಿದ ಬೆಚ್ಚನೆಯ ನೀರನ್ನು ಎರಡು ಲೋಟ ಹೊಯ್ದು ಪೈಪನ್ನು ತೊಳೆದುದಾಯಿತು.

ಗಾಳಿ ತುಂಬುವ ಕಂಪ್ರೆಸ್ಸರಿನಿಂದ ಮೇಲಿನ ರಂಧ್ರಕ್ಕೆ ರಭಸವಾಗಿ ಗಾಳಿಯೂದುವುದು ಎಲ್ಲರಿಗೂ ಮೊದಲು ತೋಚುವ ಉಪಾಯ. ಇದನ್ನು ಮಾಡಬೇಡಿರೆಂದು ನಾನು ಕೈಮುಗಿದು ಬೇಡುವೆನು. ಪೈಪುಗಳನ್ನು ತಟ್ಟೆಯ ಮೂತಿಗೆ ಬಹುಮಟ್ಟಿಗೆ ಬರಿಯ ಒತ್ತಿನಿಂದಲೇ ಕೂಡಿಸಿರುತ್ತಾರೆ. ಬಿರಡೆಗೆ ತಾಗಿ ಹಿಂದಿರುಗಿದ ಗಾಳಿಯ ಒತ್ತಡಕ್ಕೆ ಪೈಪು ಮೂತಿಯಿಂದ ಕಳಚಿಬಿದ್ದರೆ, ಕಟ್ಟಿದ್ದ ಪೈಪಿನ ಚಿಕ್ಕ ಕೆಲಸವು ಒಳಛಾವಣಿಯನ್ನು ಬಿಚ್ಚುವ ದೊಡ್ಡ ಕೆಲಸವಾಗಿ ಪರಿಣಮಿಸುತ್ತದೆ.

ಕಳಚಿದ ಪೈಪಿನ ದುರಸ್ತಿ ಅಂಥ ಕೆಲಸ. ಎ ಪಿಲ್ಲರಿನ ಪ್ಲಾಸ್ಟಿಕ್ ಹೊದಿಕೆ, ಬಿಸಿಲುತಡೆ, ಹಿಡಿಕೆ ಇವನ್ನು ಬಿಚ್ಚಿ, ಒಳಛಾವಣಿಯ ಮೂಲೆಯನ್ನು ಮಡಿಕೆ ಬೀಳದಂತೆ ನಾಲ್ಕು ಬೆರಳು ಕೆಳಗಿಳಿಸಿದರೆ ತಟ್ಟೆಯ ಮೂತಿಯೂ ಅದರಿಂದ ಜಾರಿದ ಪೈಪೂ ಕಾಣಸಿಗುತ್ತವೆ. ಆದರೆ ಈ ಮೂಲೆಗಳಲ್ಲಿಯೇ, ಛಾವಣಿಯ ಅಂಚಿನ ಉದ್ದಕ್ಕೂ, ಅಪಘಾತದ ಕ್ಷಣದಲ್ಲಿ ಪರದೆಯಂತೆ ಬಿಚ್ಚಿಕೊಳ್ಳುವ ಏರ್‌ಬ್ಯಾಗು ಮಡಚಿ ಕುಳಿತಿದೆಯೆಂಬುದನ್ನು ಒಂದು ಗಳಿಗೆಯೂ ಮರೆಯಲಾಗದು. ಬ್ಯಾಟರಿಯ ಋಣಾಗ್ರದ ತಂತಿಯನ್ನು ಕಳಚಿ, ಗಾಡಿಯ ಕೈಪಿಡಿಯು ಹೇಳುವಷ್ಟು ಹೊತ್ತು ಕಾದು, ಹಳದಿಯ ಬಣ್ಣದ ಕನೆಕ್ಟರುಗಳನ್ನು ಮುಟ್ಟದೆ ಕೆಲಸ ಮಾಡತಕ್ಕದ್ದು. ಪೈಪನ್ನು ಮರಳಿ ಹಾಯಿಸುವಾಗ ಅದು ಏರ್‌ಬ್ಯಾಗಿನ ಮೇಲೆ ಅಡ್ಡಬೀಳದಂತೆ ಮೊದಲಿದ್ದ ಹಾದಿಯಲ್ಲಿಯೇ ಇರಬೇಕು. ಇಷ್ಟನ್ನು ನಿಭಾಯಿಸುವ ಧೈರ್ಯವಿಲ್ಲದವರು ಈ ಹಂತವನ್ನು ಬಲ್ಲ ಮೆಕ್ಯಾನಿಕ್ಕಿಗೆ ಒಪ್ಪಿಸುವುದೇ ವಿವೇಕ. "ಸನ್‌ರೂಫ್ ಸೋರುತ್ತಿದೆ" ಎನ್ನುವುದಕ್ಕೆ ಬದಲಾಗಿ "ಮುಂದಿನ ಬಲಮೂಲೆಯ ಪೈಪು ಮೇಲ್ತುದಿಯಲ್ಲಿ ಕಳಚಿದೆ" ಎಂದು ಹೇಳಬಲ್ಲವರಾದರೆ ಅರ್ಧ ಕೂಲಿ ಅಲ್ಲಿಯೇ ಉಳಿಯಿತು. ನಾನು ನನ್ನದನ್ನು ನಾನೇ ಮಾಡಿದೆನು. ಜಾರಿದ ಪೈಪಿನ ತುದಿ ಗಟ್ಟಿಯಾಗಿ ಅಗಲಗೊಂಡಿತ್ತು. ಅದನ್ನು ಬೆರಳಗಲ ಕತ್ತರಿಸಿ, ಬಿಸಿನೀರಿನಲ್ಲಿ ಅದ್ದಿ ಮೆತ್ತಗಾಗಿಸಿ, ಮೂತಿಗೆ ಒತ್ತಿ ಏರಿಸಿ, ಮೇಲೊಂದು ಸಣ್ಣ ಪ್ಲಾಸ್ಟಿಕ್ ಟೈ ಬಿಗಿದೆನು. ಅತಿಯಾಗಿ ಬಿಗಿದರೆ ಪ್ಲಾಸ್ಟಿಕ್ಕಿನ ಮೂತಿಯೇ ಮುರಿದೀತು. ಒಳಛಾವಣಿಯನ್ನು ಮುಚ್ಚುವುದಕ್ಕೆ ಮೊದಲು ಮತ್ತೆ ಲೋಟದ ಪರೀಕ್ಷೆ ನಡೆಯಬೇಕೆಂದು ಬೇರೆ ಹೇಳಬೇಕಾಗಿಲ್ಲ.

ಪೈಪುಗಳೆಲ್ಲ ಸರಿಯಾಗಿದ್ದೂ ಸೋರುವ ಗಾಡಿಗಳು ಕಡಮೆ, ಆದರೆ ಇವೆ. ತಟ್ಟೆಯೇ ಬಿರಿದಿದ್ದರೆ ಬಿರುಕನ್ನು ಸ್ಪಿರಿಟಿನಿಂದ ಒರಸಿ ಒಣಗಿಸಿ ವಾಹನಗಳಿಗೆಂದೇ ಇರುವ ಯುರೆಥೇನ್ ಸೀಲಂಟನ್ನು ಹಚ್ಚಬಹುದು. ಬಚ್ಚಲುಮನೆಗೆ ಬಳಸುವ, ವಿನೆಗರಿನ ವಾಸನೆ ಬರುವ ಸಿಲಿಕೋನನ್ನು ಹಚ್ಚಬಾರದು. ಅದು ಗಟ್ಟಿಯಾಗುವಾಗ ಬಿಡುವ ಆಮ್ಲವು ತಗಡನ್ನು ತಿನ್ನುತ್ತದೆ. ಗಾಜಿನ ಸುತ್ತಣ ರಬ್ಬರಿನ ಬಿಗಿಯನ್ನು ತಿಳಿಯಲು, ಕಾಗದದ ಪಟ್ಟಿಯೊಂದನ್ನು ಅಂಚಿನಲ್ಲಿಟ್ಟು ಗಾಜನ್ನು ಮುಚ್ಚಿ ಮೆಲ್ಲನೆಳೆದು ನೋಡಿರಿ: ಸುತ್ತಲೂ ಒಂದೇ ಸಮನಾದ ಹಿಡಿತವಿದ್ದರೆ ರಬ್ಬರು ಚೆನ್ನಾಗಿದೆ, ಎಲ್ಲಾದರೂ ತಾನಾಗಿ ಜಾರಿ ಬಂದರೆ ಅಲ್ಲಿ ಗಾಜು ತಗ್ಗಿದೆ ಇಲ್ಲವೆ ರಬ್ಬರು ಸತ್ತಿದೆ. ಸಾಮಾನ್ಯವಾಗಿ ಗಾಜಿನ ಮುಂದಂಚು ಛಾವಣಿಗಿಂತ ಒಂದು ಕೂದಲೆಳೆ ತಗ್ಗಿಯೂ ಹಿಂದಂಚು ಅಷ್ಟೇ ಉಬ್ಬಿಯೂ ಇರಬೇಕು. ಸರಿಯಾದ ಅಳತೆ ಆಯಾ ಗಾಡಿಯ ದುರಸ್ತಿ ಕೈಪಿಡಿಯಲ್ಲಿರುತ್ತದೆ. ರಬ್ಬರನ್ನು ಸೋಪಿನ ನೀರಿನಿಂದ ಒರಸಿ ಸಿಲಿಕೋನ್ ಗ್ರೀಸನ್ನು ಸವರಿದರೆ ಅದು ಮತ್ತೆ ಜೀವ ತಳೆಯುತ್ತದೆ. ಪೆಟ್ರೋಲಿಯಮ್ಮಿನಿಂದ ಮಾಡಿದ ಗ್ರೀಸಿನಿಂದ ಉಬ್ಬಿ ಕೆಡುತ್ತದೆ. ಪೈಪುಗಳ ಕೆಳತುದಿಗೆ ಬಾತುಕೋಳಿಯ ಕೊಕ್ಕಿನಂತೆ ಸೀಳಿರುವ ರಬ್ಬರಿನ ಮುಚ್ಚಳವಿದ್ದಲ್ಲಿ, ರಸ್ತೆಯ ಕೆಸರು ಮೆತ್ತಿ ಆ ಸೀಳೇ ಅಂಟಿಕೊಳ್ಳುವುದುಂಟು. ಕೆಲವರು ಅದನ್ನು ಕತ್ತರಿಸಿಯೇ ಎಸೆಯುತ್ತಾರೆ. ನನಗೆ ಅದು ಸರಿಕಾಣದು. ಚಕ್ರದಿಂದ ಸಿಡಿಯುವ ನೀರೂ ಹುಳುಹುಪ್ಪಟೆಯೂ ಒಳಬಾರದಂತೆ ತಡೆಯುವ ಆ ಕೊಕ್ಕನ್ನು ಬೆರಳಿನಿಂದ ಹಿಸುಕಿ ತೊಳೆದರೆ ಸಾಕು.

ನೀರು ನಿಂತಿತೆಂದು ಕೆಲಸವು ಮುಗಿಯಲಿಲ್ಲ. ಕಾರ್ಪೆಟ್ಟಿನ ಮೇಲುಹಾಸು ಎರಡು ದಿನದಲ್ಲಿ ಒಣಗಿದಂತೆ ತೋರುತ್ತದೆ. ಅದರಡಿಯ ಸ್ಪಂಜು ಮಾತ್ರ ಲೀಟರುಗಟ್ಟಲೆ ನೀರನ್ನು ಹೀರಿಕೊಂಡು ವಾರಗಟ್ಟಲೆ ತಣ್ಣಗಿರುತ್ತದೆ. ಒದ್ದೆಯಾದ ವಸ್ತುವನ್ನು 24ರಿಂದ 48 ಗಂಟೆಗಳೊಳಗೆ ಒಣಗಿಸಿದರೆ ಬೂಷ್ಟು ಬಹುಮಟ್ಟಿಗೆ ಹಿಡಿಯದೆಂದು ಇಲ್ಲಿಯ ಪರಿಸರ ಸಂರಕ್ಷಣಾ ಇಲಾಖೆ ಹೇಳುತ್ತದೆ. ನಾನು ಆ ಗಡುವನ್ನು ಎಂದೋ ದಾಟಿದ್ದೆನು. ಆದುದರಿಂದ ಬಾಗಿಲಿನ ಹೊಸ್ತಿಲ ಪಟ್ಟಿಯನ್ನು ಕಿತ್ತು, ಕಾರ್ಪೆಟ್ಟನ್ನು ಮೇಲೆತ್ತಿ, ಕೆಳಗೆ ಮರದ ತುಂಡುಗಳನ್ನು ಆನಿಸಿ, ವ್ಯಾಕ್ಯೂಮಿನಿಂದ ಹೀರಿದಷ್ಟನ್ನು ಹೀರಿ, ಗ್ಯಾರೇಜಿನೊಳಗೆ ಫ್ಯಾನನ್ನೂ ತೇವ ಹೀರುವ ಯಂತ್ರವನ್ನೂ ಐದು ದಿನ ಓಡಿಸಬೇಕಾಯಿತು. ಈ ಶ್ರಮವು ವಾಸನೆಯ ನಿವಾರಣೆಗಾಗಿ ಮಾತ್ರವಲ್ಲ. ಈಗಿನ ಗಾಡಿಗಳಲ್ಲಿ ಸೀಟಿನಡಿಯಲ್ಲಿಯೂ ಕಾರ್ಪೆಟ್ಟಿನಡಿಯಲ್ಲಿಯೂ ತಂತಿಗಳ ಕಟ್ಟುಗಳು ಹಾದಿರುತ್ತವೆ. ಕೆಲವು ಗಾಡಿಗಳಲ್ಲಿ ಫ್ಯೂಸ್ ಬಾಕ್ಸೂ ಮುಂದಿನ ಕಂಬದ ಬುಡದಲ್ಲಿರುತ್ತದೆ, ಎಂದರೆ ಪೈಪು ಕಳಚಿದರೆ ನೀರು ನೇರವಾಗಿ ಇಳಿಯುವ ಜಾಗದಲ್ಲಿಯೇ. ತಿಂಗಳುಗಳ ಬಳಿಕ ಕಿಟಕಿ ತಾನಾಗಿ ಇಳಿಯುವುದು, ಎಚ್ಚರಿಕೆಯ ದೀಪ ಸುಮ್ಮನೆ ಉರಿಯುವುದು, ಇವಕ್ಕೆ ನೀರು ತಾಗಿ ಹಸುರುಗಟ್ಟಿದ ಆ ತಂತಿಗಳ ತಾಮ್ರವೇ ಕಾರಣವಾಗಿರುವುದುಂಟು. ವಾಸನೆಯನ್ನು ಮುಚ್ಚಲು ಸುಗಂಧದ ಡಬ್ಬಿಯನ್ನು ತೂಗುಹಾಕಿ ಸಮಾಧಾನಗೊಂಡವರು ಒಳಗಿನ ತುಕ್ಕಿಗೆ ಕಾಲಾವಕಾಶವನ್ನು ಕೊಟ್ಟಂತಾಗುತ್ತದೆ.

ಸನ್‌ರೂಫ್ ಈಗ ಕರ್ನಾಟಕದ ಕಾರುಗಳಲ್ಲಿಯೂ ಅಪರೂಪದ ವಸ್ತುವಾಗಿ ಉಳಿದಿಲ್ಲ. ರಜೆಯಲ್ಲಿ ಊರಿಗೆ ಹೋದಾಗಲೆಲ್ಲ, ಹೊಂಗೆಯ ಮರದ ಕೆಳಗೆ ನಿಂತ ಕಾರುಗಳ ನೆತ್ತಿಯಲ್ಲಿ ಗಾಜು ಹೊಳೆಯುವುದನ್ನೂ, ಗಾಜಿನ ಸಂದಿನ ತುಂಬ ಅರಳಿನಂತೆ ಹೊಂಗೆಯ ಹೂವು ಕೂತಿರುವುದನ್ನೂ ಕಾಣುತ್ತೇನೆ. ನಮ್ಮಲ್ಲಿ ಡಗ್ಲಸ್ ಫರ್ ಮರದ ಸೂಜಿಯೆಲೆ ಇಲ್ಲದಿದ್ದರೂ, ಬೇಸಗೆಯ ಕೆಂಪು ಧೂಳು ಮತ್ತು ಹೂವು ಸೇರಿ ಮೊದಲ ಮಳೆಗೆ ಕಲಸಿದ ಮಣ್ಣಾಗುತ್ತವೆ. ಒಮ್ಮೆಗೇ ಸುರಿಯುವ ನೀರನ್ನು ಅರ್ಧ ಕಟ್ಟಿದ ಪೈಪು ಒಯ್ಯಲಾರದು. ಜಿನುಗು ಮಳೆಯಲ್ಲಿ ಒಂದು ವರ್ಷ ಮರೆಯಲ್ಲಿರುವ ದೋಷವು ಮಂಗಳೂರಿನ ಆಷಾಢದಲ್ಲಿ ಒಂದು ಗಂಟೆಯಲ್ಲಿ ಬಯಲಿಗೆ ಬರುತ್ತದೆ. ಆದುದರಿಂದ ಅಲ್ಲಿಯ ಓದುಗರು ಯುಗಾದಿ ಕಳೆದು ರೋಹಿಣಿ ಮಳೆ ಹಿಡಿಯುವುದರೊಳಗಾಗಿ ಒಂದು ಸಲ, ದೀಪಾವಳಿಯ ಹೊತ್ತಿಗೆ ಇನ್ನೊಂದು ಸಲ ತಟ್ಟೆಯನ್ನು ಒರಸಿ ಲೋಟದ ಪರೀಕ್ಷೆಯನ್ನು ನಡೆಸುವುದು ಯುಕ್ತ. ಕಾರು ತೊಳೆಯುವವರು ರಭಸದ ನೀರಿನ ಪಿಚಕಾರಿಯನ್ನು ಗಾಜಿನ ಸಂದಿಗೇ ಗುರಿಯಿಟ್ಟು ಹಿಡಿಯದಂತೆಯೂ ನೋಡಿಕೊಳ್ಳಬೇಕು; ಆ ರಬ್ಬರನ್ನು ಮಾಡಿರುವುದು ಮಳೆಗಾಗಿ.

ನನ್ನ ಗಾಡಿಯ ಗಾಜಿನ ಸುತ್ತಣ ಕಪ್ಪು ಸೀಲಂಟನ್ನು ಪ್ಲಾಸ್ಟಿಕ್ಕಿನ ಅಲಗಿನಿಂದ ಎಬ್ಬಿಸಿ ತೆಗೆಯುವುದಕ್ಕೆ, ಮಿಕ್ಕ ದುರಸ್ತಿಗೆಲ್ಲ ಹಿಡಿದುದಕ್ಕಿಂತ ಹೆಚ್ಚು ಹೊತ್ತು ಹಿಡಿಯಿತು. ಸ್ಟೀಲಿನ ಲೋಟವು ಅಡುಗೆಮನೆಗೆ ಹಿಂದಿರುಗದೆ ಗ್ಯಾರೇಜಿನ ಹಲಗೆಯ ಮೇಲೆ, ನೈಲಾನ್ ದಾರದ ಸುರುಳಿಯ ಪಕ್ಕದಲ್ಲಿ ಕುಳಿತಿದೆ. ಸೂಜಿಯೆಲೆ ಉದುರಿ ಮುಗಿದ ಮೇಲೊಮ್ಮೆ, ಪರಾಗವು ಹಾರಿ ಮುಗಿದ ಮೇಲೊಮ್ಮೆ, ನಾಲ್ಕು ಮೂಲೆಗೂ ಅರ್ಧರ್ಧ ಲೋಟ ನೀರನ್ನು ಹೊಯ್ದು ಕೆಳಗೆ ಬಗ್ಗಿ ನೋಡುತ್ತೇನೆ. ಮೂರು ಧಾರೆಗಳು ಚೆನ್ನಾಗಿ ಬೀಳುತ್ತಿವೆ. ಹಿಂದಿನ ಬಲಮೂಲೆಯದು ಮಾತ್ರ ಕಳೆದ ಸಲಕ್ಕಿಂತ ಒಂದು ನೂಲು ತೆಳ್ಳಗಾಗಿದೆ. ಬರುವ ಶನಿವಾರ ಆ ಪೈಪಿಗೆ ದಾರವನ್ನು ಇಳಿಸಬೇಕು.